ಮಾತಾಡಿದ ಅಂಬಿಗ

ಯುಗಾದಿ ಕಳೆದ ಮೊದಲ ಭಾನುವಾರ, ಬೆಳಗ್ಗೆ ಹತ್ತೂವರೆ. ಬನಶಂಕರಿಯ ನಮ್ಮ ಮನೆಯ ಊಟದ ಮೇಜಿನ ಸುತ್ತ ನಾನು, ನನ್ನ ಸೊಸೆ, ಅವಳ ಆಫೀಸಿನ ಗೆಳೆಯರಿಬ್ಬರು. ಒಬ್ಬ ಉತ್ತರಹಳ್ಳಿಯವನು, ಇನ್ನೊಬ್ಬಳು ಗಿರಿನಗರದವಳು.

ನಾವು ಆಡಲು ಕೂತಿದ್ದ ಆಟದಲ್ಲಿ ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಅದರೊಳಗಿನ ಪಾತ್ರಗಳಾಗಿ ಏನು ಮಾಡುತ್ತೇವೆಂದು ಹೇಳುತ್ತಾರೆ. ಅನುಮಾನ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ಕಥೆಗಳು ಅಚ್ಚಾದ ಪುಸ್ತಕಗಳಾಗಿ ಸಿಗುತ್ತವೆ. ಸೊಸೆ ಅಂದು ಮೊದಲ ಸಲ ನಡೆಸುವವಳಿದ್ದಳು. ನಾಲ್ಕು ಜನರೆದುರು ಬಾಯಿ ತೆರೆಯಲು ಹಿಂಜರಿಯುವವಳು. ಚೆನ್ನಾಗಿ ಬಂದರೆ ಪ್ರತಿ ಭಾನುವಾರ ನಡೆಸುತ್ತೇನೆ, ಇಲ್ಲದಿದ್ದರೆ ಇದೇ ಕೊನೆ ಎಂದಿದ್ದಳು. ಅದಕ್ಕೇ ಎಲ್ಲರೂ ಹೊಗಳಿದ ಪುಸ್ತಕವನ್ನೇ ತರಿಸಿ, ಎರಡು ಸಲ ಓದಿದ್ದಳು.

ಕಥೆ ಶುರುವಾಗುವುದು ನದಿ ದಡದಲ್ಲಿ. ಅಂಬಿಗನ ಮೀಸೆಗೆ, ದೋಣಿಯ ಬಣ್ಣಕ್ಕೆ ಪುಸ್ತಕದಲ್ಲಿ ಅರ್ಧ ಪುಟ.

"ಏನಣ್ಣ, ಆಚೆ ದಡಕ್ಕೆ ಬಿಡ್ತೀಯಾ?" ಎಂದಳು ಗಿರಿನಗರದವಳು.

ಸೊಸೆ ಅಂಬಿಗನಾಗಿ, ನಾನು ಎಂದೂ ಕೇಳದ ಗಡಸು ದನಿಯಲ್ಲಿ, "ಬಿಡ್ತೀನಿ ತಾಯಿ, ಆದ್ರೆ ನಿನ್ ಜೊತೆಗಿರೋ ಈ ದಪ್ಪ ಯೋಧ ಒಂದೇ ಕಡೆ ಕೂತ್ರೆ ದೋಣಿ ಮುಳುಗತ್ತೆ!" ಎಂದಳು.

"ಸಖತ್ ಗುರು! ನನ್ ಹೊಟ್ಟೆ ಮೇಲೆ ದೋಣಿಯವನಿಗೂ ಕಣ್ಣಾ?" ಎಂದು ಯೋಧನಾಗಿದ್ದ ಉತ್ತರಹಳ್ಳಿಯವನು ನಕ್ಕ.

ಆಮೇಲೆ ಪಾಳುಬಿದ್ದ ಅರಮನೆ ಬಂತು. ಪುಸ್ತಕ ನೋಡಿ ಓದುತ್ತಿದ್ದ ಸೊಸೆ ತಟ್ಟನೆ ನಿಂತಳು. ಪರದೆ, ಕಂಬಗಳ ವರ್ಣನೆಯ ನಡುವೆ ಒಂದು ಸಾಲು: ಹಿಂದೆ ಇಲ್ಲಿ ನಡೆದ ಕೊಲೆಯನ್ನು ಕಣ್ಣಾರೆ ಕಂಡ ಅಂಬಿಗನ ನಾಲಿಗೆಯನ್ನು ಅಂದೇ ಕತ್ತರಿಸಲಾಗಿತ್ತು. ಇಡೀ ರಹಸ್ಯ ನಿಂತಿದ್ದು ಅದರ ಮೇಲೆ.

"ಸಾರಿ, ನಾನು ಸರಿಯಾಗಿ ಓದಿಲ್ಲ," ಎಂದು ಪುಸ್ತಕ ಮುಚ್ಚಿದಳು. "ನನ್ನಿಂದ ಆಗಲ್ಲ ಅತ್ತೆ."

ನನಗೆ ಕೋಪ ಬಂತು, ಅವಳ ಮೇಲಲ್ಲ, ಆ ಪುಸ್ತಕದ ಮೇಲೆ. ನಾನು ವಾರ್ಡಿನಲ್ಲಿ ನರ್ಸಾಗಿ ನಿವೃತ್ತಳಾದವಳು. ಪಾಳಿ ಬದಲಾಗುವಾಗ ಮಂಚದ ಪಕ್ಕ ನಿಂತು ಮುಂದಿನವಳಿಗೆ ಒಪ್ಪಿಸುತ್ತಿದ್ದ ಮೊದಲ ಮಾತು, ಈ ರೋಗಿಗೆ ಯಾವ ಔಷಧಿ ಆಗದು ಎಂಬುದು. ಊರು, ಮನೆತನ ಆಮೇಲೆ. ಅದನ್ನು ರೋಗಿಯ ಊರಿನ ವರ್ಣನೆಯಲ್ಲಿ ಹುದುಗಿಸಿಟ್ಟವಳನ್ನು ಬಿಟ್ಟು, ಇಂಜೆಕ್ಷನ್ ಕೊಟ್ಟವಳನ್ನು ಬೈಯುವುದೇ? ಹೊಗಳಿದವರೋ ಚಿತ್ರ ಚಂದ, ಕಾಗದ ಚಂದ ಎಂದು ಬರೆದಿದ್ದರು. ಒಬ್ಬರಾದರೂ ಎದುರಿಗೆ ಜನರನ್ನು ಕೂರಿಸಿಕೊಂಡು ಆಡಿಸಿ ನೋಡಿದ್ದರೇ?

"ಬಿಡಿ ಆಂಟಿ, ಪುಸ್ತಕ ತಾನೇ," ಎಂದ ಉತ್ತರಹಳ್ಳಿಯವನು.

"ಬಿಡೋದು ಹೇಗಪ್ಪ? ತಪ್ಪು ಅದರದು, ಅಳೋದು ಇವಳಾ?" ಎಂದು ಸೊಸೆಯತ್ತ ತಿರುಗಿದೆ. "ನಾಲಿಗೆ ಇಲ್ಲದವನು ಮಾತಾಡಲಾರ. ಹಾಗಾದ್ರೆ ನಮ್ಮನ್ನ ದಾಟಿಸಿದ್ದು ಯಾರು?"

ಅವಳು ಪುಸ್ತಕ ತೆರೆಯಲಿಲ್ಲ. ಆಮೇಲೆ ಮೆಲ್ಲನೆ, "ದಾಟಿಸಿದವನು ಅಂಬಿಗನೇ ಅಲ್ಲ. ದೋಣಿ ತಳದಲ್ಲಿ ಗೋಣಿಯೊಳಗೆ ಏನೋ ಒದ್ದಾಡ್ತಿತ್ತು. ನೀವ್ಯಾರೂ ನೋಡ್ಲಿಲ್ಲ," ಎಂದಳು.

"ಅಯ್ಯೋ! ನಾನು ಅದರ ಮೇಲೇ ಕೂತಿದ್ನಲ್ಲೇ!" ಎಂದು ಗಿರಿನಗರದವಳು ಕಿರುಚಿದಳು.

ಆಟ ಊಟದ ಹೊತ್ತು ದಾಟಿ ನಡೆಯಿತು. ಹೊರಡುವಾಗ ಇಬ್ಬರೂ ಮುಂದಿನ ಭಾನುವಾರ ಬರುತ್ತೇವೆಂದರು. ಸೊಸೆ ಬನ್ನಿ ಎಂದಳು.

ಆದರೂ ಕೋಪ ಇಳಿಯಲಿಲ್ಲ. ಅಂಗಡಿಯಿಂದ ತಂದ ಸೀರೆಗೆ ಅಂಚನ್ನು ನಾವೇ ನೇಯಬೇಕೇ? ಸಂಜೆ ಕೆಂಪು ಪೆನ್ನು ಹುಡುಕಿ, ಅಂಬಿಗ ಬರುವ ಪುಟದ ನೆತ್ತಿಯ ಮೇಲೆ, "ಇವನಿಗೆ ಮಾತು ಬಾರದು" ಎಂದು ದಪ್ಪಕ್ಷರದಲ್ಲಿ ಬರೆದೆ. ಶಾಯಿ ಆರಿದ ಮೇಲೆ ಪುಸ್ತಕವನ್ನು ಕಪಾಟಿನಲ್ಲಿಟ್ಟೆ.