ಮಗ್ಗಲಿನಿಂದ ಟಿವಿ ನೋಡುವ ಮಾವ

ರಾಯಚೂರಿನ ನಮ್ಮ ಓಣಿಯಲ್ಲಿ ಯಾರೇ ಟಿವಿ ಕೊಂಡರೂ ಎದುರು ಮನೆಯ ಮಾವ ಜೊತೆಗಿರಲೇಬೇಕಿತ್ತು. ದೇವದುರ್ಗದಲ್ಲಿ ಬೀಗರ ಮನೆಯ ಮದುವೆ ಇದ್ದರೂ ಊಟ ಬಿಟ್ಟು ಬರುತ್ತಿದ್ದರು. ಆದರೆ ಅಂಗಡಿಯಲ್ಲಿ ಟಿವಿಯ ಎದುರು ಮಾತ್ರ ನಿಲ್ಲುತ್ತಿರಲಿಲ್ಲ. ಮೂಲೆಗೆ ಸರಿದು, ಗೋಡೆಗೆ ಭುಜ ಆನಿಸಿ, ಕತ್ತು ವಾರೆ ಮಾಡಿ ನೋಡುತ್ತಿದ್ದರು. "ಎದುರಿಗೆ ನಿಂತ್ರ ಎಲ್ಲಾ ಟಿವಿ ಚಲೋನ ಕಾಣ್ತಾವ. ಮಗ್ಗಲಿಗೆ ಬಂದು ನೋಡ್ರಿ!" ಎಂಬುದು ಅವರ ಮಂತ್ರ.

ನಮ್ಮ ಮನೆಗೆ ಟಿವಿ ಕೊಳ್ಳಲು ಹೋದ ದಿನವೂ ಅಷ್ಟೇ, ನಾನು ಮೆಚ್ಚಿದ ದೊಡ್ಡ, ಅಗ್ಗದ ಟಿವಿಯನ್ನು ಮೂಲೆಯಿಂದಲೇ ತಳ್ಳಿಹಾಕಿದರು. "ಬ್ಯಾಡ. ಇಲ್ಲಿಂದ ಮಂದಿ ಮುಖಕ್ಕ ಸುಣ್ಣ ಬಳದಂಗ ಕಾಣ್ತದ."

ಅಂಗಡಿಯವನು ನಕ್ಕ. "ಯಜಮಾನ್ರ, ಮೂಲ್ಯಾಗ ನಿಂತು ಯಾರ್ ಟಿವಿ ನೋಡ್ತಾರ್ರೀ?"

ಮಾವ ಇನ್ನೊಂದು ಟಿವಿಯತ್ತ ಬೆರಳು ತೋರಿದರು. ಅದು ಚಿಕ್ಕದು, ಆದರೆ ಯಾವ ಮೂಲೆಯಿಂದ ನೋಡಿದರೂ ಬಣ್ಣ ಮಾಸುತ್ತಿರಲಿಲ್ಲ. ಅದನ್ನೇ ತಂದೆವು.

ಸಂಜೆ ಕ್ರಿಕೆಟ್ ಶುರುವಾಗುವ ಹೊತ್ತಿಗೆ ಮಾವ ಹಾಜರಾದರು. ಅವರ ಮನೆಯ ಟಿವಿ ಅತ್ತೆಯ ಧಾರಾವಾಹಿಗಳ ವಶದಲ್ಲಿತ್ತು.

"ಒಳಗ ಬರ್ರಿ ಮಾವ" ಎಂದೆ.

"ಬ್ಯಾಡಪಾ, ನಿಮ್ಮತ್ತಿ ಕೂಗಿದ್ರ ಓಡಬೇಕು" ಎಂದು ಬಾಗಿಲ ಚೌಕಟ್ಟಿಗೆ ಭುಜ ಆನಿಸಿ, ಕತ್ತು ವಾರೆ ಮಾಡಿದರು.

"ಹೇಳಿದ್ನಿಲ್ಲ? ಇಲ್ಲಿಂದ ಎಷ್ಟ್ ಚಲೋ ಕಾಣ್ತದ! ಸ್ವಲ್ಪ ಆವಾಜ್ ಹೆಚ್ಚ ಮಾಡು."