ಒಳಲೆಯಲ್ಲಿ ಉಂಡ ದಿನಗಳು

ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅರಿವಳಿಕೆ ಕೊಟ್ಟ ಮೇಲೆ ನನಗೆ ಎಚ್ಚರವೇ ಆಗದಿರಬಹುದಿತ್ತು. ಇಲ್ಲವೇ ನಡುವೆಯೇ ಎಚ್ಚರವಾಗಿ, ಡಾಕ್ಟರು ತಮ್ಮ ಮನೆಯ ಕಾಯಿಪಲ್ಲೆಯ ವಿಚಾರ ಮಾತಾಡುವುದು ಕಿವಿಗೆ ಬೀಳಬಹುದಿತ್ತು. ಕರೆಂಟು ಹೋಗಬಹುದಿತ್ತು. ಹೊಟ್ಟೆಯೊಳಗೆ ಹತ್ತಿಯೋ ಕತ್ತರಿಯೋ ಉಳಿದುಬಿಡಬಹುದಿತ್ತು. ಹೊಲಿಗೆ ಸೋರಬಹುದಿತ್ತು, ಕೀವಾಗಬಹುದಿತ್ತು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಎದೆಗೆ ಏರಬಹುದಿತ್ತು. ಇಷ್ಟೆಲ್ಲ ಆಗಿಯೂ ತೂಕ ಇಳಿಯದೇ ಹೋಗಬಹುದಿತ್ತು, ಅಥವಾ ಇಳಿಯುತ್ತ ಇಳಿಯುತ್ತ ಎಲ್ಲಿ ನಿಲ್ಲಬೇಕೆಂದು ಅದಕ್ಕೇ ತಿಳಿಯದೆ ಹೋಗಬಹುದಿತ್ತು. ಉಳಿದಿದ್ದ ನಾಲ್ಕು ಕೂದಲೂ ಉದುರಬಹುದಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಹೊಸಪೇಟೆಗೆ ಬರುವ ದಾರಿಯಲ್ಲಿ ಕಾರು ಒಂದು ತಗ್ಗಿಗೆ ಇಳಿದು, ಹಾಕಿದ ಹೊಲಿಗೆಯೆಲ್ಲ ಒಂದೇ ಸಲ ಬಿಚ್ಚಬಹುದಿತ್ತು. ನನ್ನದು ಅಕ್ಕಿ ಅಂಗಡಿ. ಬಡಕಲಾದ ಅಕ್ಕಿ ವ್ಯಾಪಾರಿಯನ್ನು ಕಂಡು, ಈತ ತನ್ನ ಅಕ್ಕಿಯನ್ನು ತಾನೇ ಉಣ್ಣುವುದಿಲ್ಲ ಎಂದುಕೊಂಡು ಗಿರಾಕಿಗಳು ಎದುರಿನ ಅಂಗಡಿಗೆ ಹೋಗಬಹುದಿತ್ತು.

ಇವೆಲ್ಲಕ್ಕಿಂತ ದೊಡ್ಡದು, ಮಗಳ ಸಂಬಂಧ ಮುರಿಯಬಹುದಿತ್ತು.

ಮಗಳು ಬಳ್ಳಾರಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಅಲ್ಲೇ ಕೆಲಸ ಮಾಡುವ ಸಂಡೂರಿನ ಹುಡುಗನನ್ನು ಮೆಚ್ಚಿಕೊಂಡಿದ್ದಳು. ನನ್ನ ಆಪರೇಷನ್ನಿಗೆ ಮೊದಲೇ ಹುಡುಗನ ಮನೆಯವರು ಬಂದು, ಅವಳನ್ನು ನೋಡಿ, ಒಪ್ಪಿ ಹೋಗಿದ್ದರು. ಆ ಮನೆಯಲ್ಲಿ ಹುಡುಗನ ಅಜ್ಜಿಯ ಮಾತೇ ಮಾತು. ಹೋಗುವಾಗ ಆಕೆ, "ಕೊಡೋದು ತಗೊಳ್ಳೋದು ಏನೂ ಬ್ಯಾಡ್ರಿ. ನಮ್ಮ ಮನಿಗೆ ಬಂದು ಉಂಡು ಹೋಗ್ರಿ, ಅಷ್ಟು ಸಾಕು" ಎಂದಿದ್ದರು.

ಬೇರೆಯವರಿಗೆ ಇದು ಸಲೀಸಾದ ಮಾತು. ಉಳಿದಿದ್ದದ್ದು ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋಗುವುದೊಂದೇ. ನಮ್ಮವರಲ್ಲಿ ಆ ದಿನದ ಲೆಕ್ಕ ಬಾಯಿಮಾತಿನಲ್ಲಿ ನಡೆಯುವುದಿಲ್ಲ, ಊಟದಲ್ಲಿ ನಡೆಯುತ್ತದೆ. ಮನಸ್ಸಿಲ್ಲದಿದ್ದರೆ ಚಹಾ ಕುಡಿದು ಎದ್ದು ಬರುತ್ತಾರೆ. ಊಟಕ್ಕೆ ಕುಳಿತರೆ ಒಪ್ಪಿದ ಹಾಗೆ. ಕುಳಿತ ಮೇಲೆ ಹೆಣ್ಣಿನ ತಂದೆ ಎಲೆಯಲ್ಲಿ ಬಿಟ್ಟು ಎದ್ದನೆಂದರೆ, ಅದು ಚಹಾ ಕುಡಿದು ಎದ್ದದ್ದಕ್ಕಿಂತ ನೂರು ಪಾಲು ಅವಮಾನ. ಐವತ್ತೆರಡು ವರ್ಷ ಯಾವ ಎಲೆಯಲ್ಲೂ ಏನನ್ನೂ ಬಿಡದ ನಾನು, ಮಗಳಿಗಾಗಿ ಉಣ್ಣಬೇಕಾದ ಹೊತ್ತಿಗೆ ಸರಿಯಾಗಿ, ತೂಕ ಇಳಿಸಲೆಂದು ಹೊಟ್ಟೆಯನ್ನು ಕೊಯ್ಯಿಸಿ ಬಾಳೆಹಣ್ಣಿನಷ್ಟು ಮಾಡಿಸಿಕೊಂಡು ಬಂದಿದ್ದೆ.

ಆಪರೇಷನ್ ಮುಂದೂಡಬಹುದಿತ್ತಲ್ಲ ಎಂದು ಕೇಳಬಹುದು. ಸಕ್ಕರೆ ಏರಿತ್ತು, ಮೊಣಕಾಲು ಮುಷ್ಕರ ಹೂಡಿದ್ದವು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಮಗಳೇ ಮುಂದೆ ನಿಂತು ಮಾಡಿಸಿದಳು. ಆದರೆ ವಿಷಯವನ್ನು ಮುಚ್ಚಿಟ್ಟವನು ನಾನು. ಹುಡುಗಿಯ ತಂದೆಗೆ ಹೊಟ್ಟೆಯ ಆಪರೇಷನ್ ಎಂದರೆ ಜನ ಏನೇನು ಕಲ್ಪಿಸಿಕೊಳ್ಳುವುದಿಲ್ಲ? ಅಂಗಡಿಯಲ್ಲಿ ಹರ್ನಿಯಾ ಎಂದು ಹೇಳಿದ್ದೆ. ಹರ್ನಿಯಾ ಮರ್ಯಾದಸ್ಥ ಕಾಯಿಲೆ. ಭಾರ ಎತ್ತಿ ದುಡಿದವನಿಗೆ ಬರುತ್ತದೆಂದು ಜನ ನಂಬಿದ್ದಾರೆ. ಸಂಡೂರಿನವರಿಗೆ ಅದನ್ನೂ ಹೇಳಲಿಲ್ಲ.

"ಅಪ್ಪಾ, ನಾನ ಹೇಳ್ಲೇನು ಅವರಿಗೆ?" ಎಂದಳು ಮಗಳು.

"ಬ್ಯಾಡವ್ವ. ಅಷ್ಟೊತ್ತಿಗೆ ಒಂದು ಹೋಳಿಗಿ ತಿನ್ನೋ ಹಂಗ ಆಗ್ತೀನಿ" ಎಂದೆ.

ಆ ವಾರಗಳು ಹೇಗಿದ್ದವೆಂದರೆ, ನಾನು ಮತ್ತೆ ಕೂಸಾಗಿದ್ದೆ. ಮೊದಲು ಬರೀ ತಿಳಿ, ಆಮೇಲೆ ಗಂಜಿ, ಆಮೇಲೆ ನುಣ್ಣಗೆ ರುಬ್ಬಿದ ಅನ್ನ-ಬೇಳೆ. ಎಷ್ಟು ಕೊಡಬೇಕೆಂದು ಆಸ್ಪತ್ರೆಯವರು ಒಂದು ಪ್ಲಾಸ್ಟಿಕ್ ಲೋಟ ಕೊಟ್ಟಿದ್ದರು. ಅದನ್ನು ನಾನು ಎರಡನೆಯ ದಿನವೇ ತುಳಿದು ಮುರಿದೆ. ಹೆಂಡತಿ ಅಟ್ಟ ಹತ್ತಿ ಮಗಳ ಒಳಲೆಯನ್ನು ಹುಡುಕಿ ತಂದಳು. ಕೂಸಿಗೆ ಹಾಲು ಕುಡಿಸುವ, ಒಂದು ಕಡೆ ಮೂತಿ ಚಾಚಿದ ಆ ಪುಟ್ಟ ಬೆಳ್ಳಿಯ ಬಟ್ಟಲು ಅಳತೆಗೆ ಸರಿಯಾಗಿ ಕೂತಿತು. ಮೀಸೆ ಬೆಳ್ಳಗಾದ ಗಂಡಸು ಪಡಸಾಲೆಯಲ್ಲಿ ಕುಳಿತು ಒಳಲೆಯಲ್ಲಿ ಹೆಸರುಬೇಳೆ ಕಟ್ಟು ಕುಡಿಯುವುದನ್ನು ಯಾರಾದರೂ ನೋಡಿಯಾರೆಂದು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆ.

ಹೊಟ್ಟೆ ತುಂಬಿದ್ದು ತಿಳಿಯುವ ರೀತಿಯೂ ಬದಲಾಗಿತ್ತು. ಮುಂಚೆ ಪಾತ್ರೆ ಬರಿದಾದರೆ ತಿಳಿಯುತ್ತಿತ್ತು. ಈಗ ಸೀನು ಬರುತ್ತಿತ್ತು. ಮೂರು ಚಮಚ, ನಾಲ್ಕನೆಯದಕ್ಕೆ ಒಂದು ಸೀನು, ಅಲ್ಲಿಗೆ ಊಟ ಮುಗಿಯಿತು. ಕೆಲವರಿಗೆ ಹೀಗಾಗುತ್ತದೆ, ಗಾಬರಿ ಬೇಡ ಎಂದರು ಡಾಕ್ಟರು. ಗಾಬರಿ ಬೇಡ ಎಂದವರ ಮಾತಿನಿಂದ ನನಗೆ ಆದಷ್ಟು ಗಾಬರಿ ಬೇರೆ ಯಾವುದರಿಂದಲೂ ಆಗಿಲ್ಲ.

ಅಂಗಡಿಗೆ ಹೋಗಲು ಶುರುಮಾಡಿದ ಮೇಲೆ ಒಮ್ಮೆ ಅಕ್ಕಿ ನೋಡಲು ಕಂಪ್ಲಿಯ ಮಿಲ್ಲಿಗೆ ಹೋದೆ. ಮಿಲ್ಲಿನ ಮಾಲೀಕ ನನ್ನ ಸಾಲೆಯ ಗೆಳೆಯ. ನಮ್ಮ ಕಸುಬಿನಲ್ಲಿ ಅಕ್ಕಿಯನ್ನು ಹಲ್ಲಿನಿಂದ ನೋಡಬೇಕು. ನಾಲ್ಕು ಕಾಳು ಕಡಿದರೆ ಹೊಸದೋ ಹಳೆಯದೋ, ಹಸಿ ಉಳಿದಿದೆಯೋ ಇಲ್ಲವೋ ಎಂದು ತಿಳಿಯುತ್ತದೆ. ನಾನು ನಾಲ್ಕು ಕಾಳಿಗೆ ನಿಂತವನಲ್ಲ, ಹಿಡಿಗಟ್ಟಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಅಂದೂ ಗೆಳೆಯ ಚೀಲಕ್ಕೆ ಕೊಳವೆ ಚುಚ್ಚಿ ಅಂಗೈಗೆ ಸುರಿದ. ಕೈ ತನ್ನಷ್ಟಕ್ಕೆ ಬಾಯಿಗೆ ಹೋಯಿತು. ಕಡಿದ ಮೇಲೆ ನೆನಪಾಯಿತು, ಹಸಿ ಅಕ್ಕಿ ನುಂಗುವಂತಿಲ್ಲ. ಉಗುಳೋಣವೆಂದರೆ ಸುತ್ತಲೂ ಅಕ್ಕಿ. ಮಿಲ್ಲಿನೊಳಗೆ ಅಕ್ಕಿ ಉಗುಳಿದವನ ಜೊತೆ ಯಾರೂ ವ್ಯಾಪಾರ ಮಾಡುವುದಿಲ್ಲ. ಕೆನ್ನೆ ಉಬ್ಬಿಸಿಕೊಂಡು ಸುಮ್ಮನೆ ನಿಂತೆ.

ಅವನು ರೇಟು ಹೇಳಿದ. ನಾನು ಮಾತಾಡಲಿಲ್ಲ.

"ಯಾಕಲೇ, ಭಾಳಾತೇನು?"

ನಾನು ಮುಖ ಆಚೆ ತಿರುಗಿಸಿದೆ.

"ಸಿಟ್ಟಾಗಬ್ಯಾಡಲೇ. ಇನ್ನಷ್ಟು ಬಿಡ್ತೀನಿ ತಗೋ."

ಹೊರಗೆ ಬೇವಿನ ಗಿಡದ ಬುಡಕ್ಕೆ ಹೋಗಿ ಬಾಯಿ ಖಾಲಿ ಮಾಡಿ ಬರುವಷ್ಟರಲ್ಲಿ ಆತ ಮತ್ತೊಮ್ಮೆ ಇಳಿಸಿದ್ದ. ನನ್ನ ವ್ಯಾಪಾರದ ಬದುಕಿನಲ್ಲಿ ಅಷ್ಟು ಒಳ್ಳೆಯ ಚೌಕಾಸಿಯನ್ನು ನಾನು ಮಾಡಿದ್ದೇ ಇಲ್ಲ.

ಹೀಗೆ ಒಂದೊಂದೇ ಚಿಂತೆ ತನ್ನ ಕೆಲಸ ಮಾಡದೆ ಸುಮ್ಮನಾಗುತ್ತಿತ್ತು. ಹೊಲಿಗೆ ಮಾಯಿತು. ಸಕ್ಕರೆ ಇಳಿಯಿತು. ಚಪ್ಪಲಿ ಹಾಕಿಕೊಳ್ಳಲು ಗೋಡೆ ಹಿಡಿಯುವುದು ತಪ್ಪಿತು. ಡಾಕ್ಟರು ನಡೆಯಲು ಹೇಳಿದ್ದರಿಂದ ಒಂದು ಭಾನುವಾರ ಹೆಂಡತಿಯ ಜೊತೆ ಹಂಪಿಗೆ ಹೋದೆ. ಹೇಮಕೂಟವನ್ನು ಎಲ್ಲೂ ಕೂರದೆ ಹತ್ತಿದೆ. ಮೇಲೆ ಗಾಳಿ ಬೀಸುತ್ತಿತ್ತು, ಬಂಡೆ ಇನ್ನೂ ತಣ್ಣಗಿತ್ತು. ಮದುವೆಯಾದ ಹೊಸದರಲ್ಲಿ ಒಮ್ಮೆ ಹೀಗೆ ಹತ್ತಿದ್ದೆವು. ನಡುವಿನ ವರ್ಷಗಳಲ್ಲಿ ನಾನು ಕೆಳಗೆ ಗಾಡಿಯಲ್ಲೇ ಕುಳಿತು, ನೀವು ನೋಡಿ ಬರ್ರಿ ಎನ್ನುತ್ತಿದ್ದೆ. ಹೆಂಡತಿ ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿದಳು.

ಇಳಿಯುವಾಗ ಸಾಸಿವೆಕಾಳು ಗಣಪನ ಮುಂದೆ ನಿಂತೆವು. ಉಂಡು ಉಂಡು ಹೊಟ್ಟೆ ಒಡೆದೀತೆಂದು ಆತ ಹಾವನ್ನೇ ಸೊಂಟಕ್ಕೆ ಬಿಗಿದುಕೊಂಡಿದ್ದಾನೆ.

"ನೋಡ್ರಿ, ಆತಂದು ಎಷ್ಟು ಬಿಗಿ ಐತಿ" ಎಂದಳು ಹೆಂಡತಿ. "ನಿಮ್ಮ ಉಡದಾರ ಜೋತಾಡಾಕತ್ತೈತಿ. ಪತ್ತಾರ್ರ ಕಡೆ ಒಯ್ದು ಕೊಂಡಿ ತೆಗಸ್ರಿ ಅಂತ ಎಷ್ಟು ಸಲ ಹೇಳ್ಲಿ?"

ಸೊಂಟದ ಆ ಬೆಳ್ಳಿ ಉಡದಾರ ಅಪ್ಪ ಮಾಡಿಸಿಕೊಟ್ಟದ್ದು. ನಾನು ಉಬ್ಬಿದ ಹಾಗೆಲ್ಲ ನಮ್ಮ ಅಕ್ಕಸಾಲಿ ಪತ್ತಾರರು ಒಂದೊಂದು ಕೊಂಡಿ ಸೇರಿಸುತ್ತ ಬಂದಿದ್ದರು.

"ತೆಗೆಸಿದ ಮ್ಯಾಲೆ ಮತ್ತ ದಪ್ಪ ಆದ್ರ?"

"ಆದ್ರ ಮತ್ತ ಹಾಕಸ್ರಿ."

"ಪತ್ತಾರ್ರು ನಗಂಗಿಲ್ಲೇನು?"

"ಈಗರ ಯಾರು ಅಳಾಕತ್ತಾರ?" ಎಂದು ಅವಳು ಮುಂದೆ ನಡೆದಳು. ಇನ್ನೊಂದು ತಿಂಗಳು ನೋಡೋಣ ಎಂದು ನಾನು ಅದನ್ನು ಹಾಗೇ ಬಿಟ್ಟೆ.

ಸಂಡೂರಿಗೆ ಹೋಗುವ ದಿನ ಬಂತು. ಪಂಚೆ ಉಡಬೇಕಾಗಿತ್ತು. ಸಣ್ಣಗಾದ ಸೊಂಟದಿಂದ ಬೀಗರ ಮುಂದೆ ಅದು ಜಾರಿದರೆ? ಮೇಲೊಂದು ಬೆಲ್ಟು ಬಿಗಿದೆ, ಬೆಲ್ಟಿನ ಅಕ್ಕಪಕ್ಕ ಎರಡು ಪಿನ್ನು ಚುಚ್ಚಿದೆ. ಹುಡುಗಿ ಬರುವ ಪದ್ಧತಿ ಇಲ್ಲದ್ದರಿಂದ ಮಗಳು ಬಾಗಿಲಲ್ಲೇ ನಿಂತು, "ಅಪ್ಪಾ, ಉಣ್ಣಾಕ ಆಗ್ಲಿಲ್ಲಂದ್ರ ಹೇಳಿಬಿಡು. ಮುಚ್ಚಿಡಬ್ಯಾಡ" ಎಂದಳು. ಅವಳ ದನಿ ಎಂದಿನಂತಿರಲಿಲ್ಲ. ಅದಿರು ಲಾರಿಗಳ ಹಿಂದೆ ಕೆಂಪು ಧೂಳು ಕುಡಿಯುತ್ತ ಹೋಗುವಾಗ ದಾರಿಯುದ್ದಕ್ಕೂ ಅದೇ ಕಿವಿಯಲ್ಲಿತ್ತು.

ಒಳಗೆ ಕಾಲಿಟ್ಟೊಡನೆ ಅಜ್ಜಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಬರ್ರಿ, ಕುಂದ್ರಿ. ನಮ್ಮ ಬಾಗಿಲದಾಗ ಹಿಡಿಸ್ತಾರೋ ಇಲ್ಲೋ ಅಂದ್ಕೊಂಡಿದ್ದೆ. ಅರ್ಧಾನ ಬಂದೀರಲ್ಲ. ಉಳಿದದ್ದು ಎಲ್ಲಿ ಬಿಟ್ಟು ಬಂದ್ರಿ?"

"ಡಯೆಟ್ ಮಾಡಾಕತ್ತೀನ್ರಿ" ಎಂದೆ.

"ಇವತ್ತೊಂದಿನ ಅದನ್ನೂ ಅಲ್ಲೇ ಬಿಡ್ರಿ."

ಎಲೆ ಹಾಕಿದರು. ರೊಟ್ಟಿ, ಎಣ್ಣೆಗಾಯಿ, ಹೋಳಿಗೆಯ ಮೇಲೆ ಕೆರೆ ಕಟ್ಟಿದ ತುಪ್ಪ, ಕಟ್ಟಿನ ಸಾರು, ಅನ್ನ. ನಾನು ಅನ್ನವನ್ನು ಸಾರಿನಲ್ಲಿ ಕಿವುಚಿ ಬಾಯಿಗಿಟ್ಟೆ. ಉಳಿದದ್ದನ್ನು ಎಲೆಯ ಮೇಲೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡಿಸಿದೆ. ಹುಡುಗನ ತಂದೆ ಸಂತೋಷವಾಗಿ, "ಹಂಗಾದ್ರ ಶ್ರಾವಣದಾಗ ಒಂದು ಒಳ್ಳೇ ದಿನ ನೋಡೋಣಲ್ರಿ" ಎಂದರು.

ಅದೇ ಗಳಿಗೆಗೆ ನನ್ನ ಹೊಟ್ಟೆ ತುಂಬಿತು. ಸೀನಿದೆ.

ಶುಭದ ಮಾತಿಗೆ ಒಂಟಿ ಸೀನು. ಬಡಿಸುತ್ತಿದ್ದವರ ಕೈ ನಿಂತಿತು. ಜೋಡಿ ಸೀನಾದರೆ ದೋಷವಿಲ್ಲ ಎನ್ನುತ್ತಾರೆ. ಇನ್ನೊಂದನ್ನು ಬರಿಸೋಣವೆಂದು ಧೈರ್ಯ ಮಾಡಿ ಮತ್ತೊಂದು ತುತ್ತು ಇಟ್ಟೆ. ಸೀನು ಬರಲಿಲ್ಲ, ಬಿಕ್ಕಳಿಕೆ ಬಂತು.

ಅಜ್ಜಿ ತುಂಬಿದ ನನ್ನ ಎಲೆಯನ್ನು ನೋಡಿದರು. ಒಳಗೆ ತಿರುಗಿ, ಸಿಟ್ಟಿಲ್ಲದ ದನಿಯಲ್ಲಿ ಸೊಸೆಗೆ ಹೇಳಿದರು: "ಎಲಿ ತಗಿಯವ್ವ. ಅವರಿಗೆ ಮನಸಿಲ್ಲ."

ಹೆಂಡತಿ ನನ್ನ ಕಡೆ ನೋಡಲಿಲ್ಲ. ತನ್ನ ಎಲೆಯನ್ನೇ ನೋಡುತ್ತಿದ್ದಳು. ಹೊರಡುವಾಗ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ನನ್ನ ಕಣ್ಣ ಮುಂದೆ ಬಂದಳು.

"ಮನಸು ಐತ್ರಿ" ಎಂದೆ. "ಹೊಟ್ಟಿ ಇಲ್ಲ."

ಆಮೇಲೆ ಎಲ್ಲ ಹೇಳಿದೆ. ಹುಬ್ಬಳ್ಳಿ, ಕೊಯ್ದು ಸಣ್ಣದು ಮಾಡಿದ ಹೊಟ್ಟೆ, ಸೀನು, ಹೆದರಿಕೆ, ಕೊನೆಗೆ ಒಳಲೆಯನ್ನೂ. ಬಿಕ್ಕಳಿಕೆ ನಡುನಡುವೆ ಪೂರ್ಣವಿರಾಮ ಹಾಕುತ್ತಿತ್ತು.

ಅಜ್ಜಿ ಕೇಳಿಸಿಕೊಂಡು, "ಕೊಯ್ಸೋದು ಯಾಕ? ಉಣ್ಣೋದು ಕಡಿಮಿ ಮಾಡಿದ್ರ ಆಗ್ತಿರ್ಲಿಲ್ಲೇನ್ರಿ?" ಎಂದರು.

"ಮಾಡಾಕ ಆಗಿದ್ರ ನಾನ್ಯಾಕ ಕತ್ತರಿ ಕೆಳಗ ಮಲಗ್ತಿದ್ದೆನ್ರಿ?"

ಮೊದಲು ನಕ್ಕದ್ದು ಹುಡುಗನ ತಂದೆ. ಅಜ್ಜಿ ನಗಲಿಲ್ಲ. ಗೋಡೆ ಹಿಡಿದು ಎದ್ದು ಒಳಗೆ ಹೋದರು. ಒಳಗೆ ಪೆಟ್ಟಿಗೆ ತೆರೆದ ಸದ್ದಾಯಿತು, ಏನನ್ನೋ ತೊಳೆದ ಸದ್ದಾಯಿತು. ಹೊರಬಂದವರ ಕೈಯಲ್ಲಿ ನೆಗ್ಗಿದ, ಕಪ್ಪಾದ ಒಂದು ಬೆಳ್ಳಿಯ ಒಳಲೆ ಇತ್ತು. ತಾವೇ ಅದಕ್ಕೆ ಕಟ್ಟಿನ ಸಾರಿನ ತಿಳಿ ಬಗ್ಗಿಸಿ ನನ್ನ ಮುಂದೆ ಇಟ್ಟರು.

"ಇದರಾಗ ನಿಮ್ಮ ಅಳಿಯ ಹಾಲು ಕುಡಿದಾನ. ನೀವೂ ಕುಡೀರಿ. ಅವಸರಿಲ್ಲ, ನಿಮ್ಮ ಹೊಟ್ಟಿ ಹೇಳಿದಾಗ ಕುಡೀರಿ."

ನಿಮ್ಮ ಅಳಿಯ ಎಂದದ್ದನ್ನು ಹೆಂಡತಿಯೂ ಕೇಳಿದಳೆಂದು ಅವಳ ಸೆರಗು ಕಣ್ಣಿಗೆ ಹೋದದ್ದರಿಂದ ತಿಳಿಯಿತು.

ಉಳಿದವರ ಊಟ, ಮಾತು, ಶ್ರಾವಣದ ದಿನ, ಎಲ್ಲ ನಡೆಯಿತು. ನಾನು ಗುಟುಕು ಗುಟುಕಾಗಿ ಒಳಲೆಯನ್ನು ಬರಿದು ಮಾಡಿದೆ. ಕೊನೆಗೆ ಬಾಯಿ ಸಿಹಿಯಾಗಲೆಂದು ಅಜ್ಜಿ ಹೋಳಿಗೆಯ ಹೂರಣವನ್ನು ಕಡಲೆಕಾಳಿನಷ್ಟು ಚಿವುಟಿ ನನ್ನ ಅಂಗೈಗೆ ಹಾಕಿದರು. ಅಷ್ಟನ್ನು ಎಷ್ಟು ಹೊತ್ತು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದೆನೋ. ಹಿಂದೆ ಒಂದೇ ಪಂಕ್ತಿಯಲ್ಲಿ ಏಳು ಹೋಳಿಗೆ ನುಂಗಿದವನಿಗೆ ಏಲಕ್ಕಿಯ ರುಚಿ ಹೀಗೆ ಬಿಡಿಯಾಗಿ ಎಂದೂ ಸಿಕ್ಕಿರಲಿಲ್ಲ.

ತಾಂಬೂಲ ತೆಗೆದುಕೊಳ್ಳಲು ಅಜ್ಜಿಯ ಎದುರು ಎದ್ದು ನಿಂತೆ. ಪಂಚೆ ಜಾರಲಿಲ್ಲ, ಬೆಲ್ಟು ಗಟ್ಟಿಯಾಗಿತ್ತು, ಎರಡು ಪಿನ್ನೂ ಅಲ್ಲಲ್ಲೇ ಇದ್ದವು. ಪಂಚೆಯೊಳಗೆ ಮಾತ್ರ ಏನೋ ತಣ್ಣಗೆ ತೊಡೆಯಿಂದ ಮೊಣಕಾಲಿಗೆ, ಮೊಣಕಾಲಿನಿಂದ ಪಾದಕ್ಕೆ ಇಳಿದು, ಝಲ್ ಎಂದು ನೆಲಕ್ಕೆ ಬಿತ್ತು. ಬಗ್ಗಿ ನೋಡಿದೆ. ಅಪ್ಪನ ಬೆಳ್ಳಿ ಉಡದಾರ, ಎಲ್ಲ ಕೊಂಡಿಗಳ ಸಮೇತ, ನನ್ನ ಎರಡೂ ಪಾದಗಳ ಸುತ್ತ ದುಂಡಗೆ ಬಿದ್ದಿತ್ತು.

ಅಜ್ಜಿ ತಾಂಬೂಲದ ತಟ್ಟೆ ಹಿಡಿದುಕೊಂಡೇ ಅದನ್ನು ನೋಡಿದರು.

"ಕೊಡೋದು ತಗೊಳ್ಳೋದು ಏನೂ ಬ್ಯಾಡ ಅಂತ ಅವತ್ತ ಹೇಳಿದ್ನಲ್ರಿ" ಎಂದರು.