ಅರ್ಧ ಇಂಚಿನ ಸ್ಪ್ಯಾನರ್, ನಾಲ್ಕು ಮೂಲೆಯ ಬೋಲ್ಟು

ಇದು ಹೋದ ವರ್ಷ ಯುಗಾದಿ ಕಳೆದ ಮೇಲೆ ನಡೆದದ್ದು. ಆಗ ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಮೇಲೆ ಪ್ಯಾಕಿಂಗ್ ಕೆಲಸಕ್ಕಿದ್ದೆ. ಭಾನುವಾರ ಬಂದರೆ ಹಳೆಯ ಯಂತ್ರಗಳ ರಿಪೇರಿ. ಐಟಿಐ ಓದಿದವನಲ್ಲ, ಫೋನಿನಲ್ಲಿ ವಿಡಿಯೋ ನೋಡಿ, ಕೆಟ್ಟ ಮೋಟಾರು ಬಿಚ್ಚಿ ಕಟ್ಟಿ ಕಲಿತದ್ದು. ಒಂದು ಸ್ಪ್ಯಾನರ್ ಸೆಟ್ಟು, ಸೂಕ್ಷ್ಮ ಅಳತೆ ನೋಡುವ ಒಂದು ವರ್ನಿಯರ್ ಇದ್ದವು. ಅಷ್ಟಕ್ಕೇ ನಾನು ಮೆಕ್ಯಾನಿಕ್ ಎಂದು ನಂಬಿಬಿಟ್ಟಿದ್ದೆ.

ಉದ್ದನಪಲ್ಲಿ ಹತ್ತಿರದ ಒಂದು ಹಳ್ಳಿಯಲ್ಲಿ ಸಾಕಮ್ಮಕ್ಕ ರಾಗಿ ಮಿಲ್ಲು ನಡೆಸುತ್ತಾರೆ. ಮಿಷನ್ನು ಅವರ ಮಾವನ ಕಾಲದ್ದು. ಕಲ್ಲು ತಿರುಗಿಸುವ ಶಾಫ್ಟಿನ ಬೇರಿಂಗ್ ಸವೆದು ಕಿರುಚುತ್ತಿತ್ತು, ಹಿಟ್ಟು ತರಿತರಿಯಾಗಿ ಬೀಳುತ್ತಿತ್ತು. ಊರಿನ ಹೆಂಗಸರು ಆಗಲೇ ರಾಗಿ ಡಬ್ಬ ಹೊತ್ತು ರಾಯಕೋಟೆ ಬಸ್ಸು ಹತ್ತುತ್ತಿದ್ದರು. ಅಲ್ಲಿಗೆ ರೂಢಿಯಾದವರು ತಿರುಗಿ ಬರುವುದಿಲ್ಲ ಎಂಬುದು ಅಕ್ಕನ ಭಯ. ಹೊಸ ಬೇರಿಂಗ್ ತಂದಿಟ್ಟುಕೊಂಡು, ಒಂದು ಭಾನುವಾರ ನನ್ನನ್ನು ಕರೆಸಿದರು. ಅದನ್ನು ಹಾಕಬೇಕಾದರೆ ಮೇಲಿನ ಎರಕದ ಮುಚ್ಚಳ ತೆಗೆಯಬೇಕು. ನಾಲ್ಕೇ ಬೋಲ್ಟು. ಆದರೆ ಮುಚ್ಚಳ ಒಡೆದರೆ ಇನ್ನೊಂದು ಎಲ್ಲೂ ಸಿಗದು, ಮಿಲ್ಲೂ ಅಲ್ಲಿಗೆ ಮುಗಿದಂತೆ.

ಬೋಲ್ಟುಗಳನ್ನು ನೋಡಿದಾಗಲೇ ನನಗೆ ದಿಕ್ಕು ತಪ್ಪಿತು. ಈಗಿನ ಬೋಲ್ಟಿನ ತಲೆಗೆ ಆರು ಮೂಲೆ, ಇವಕ್ಕೆ ನಾಲ್ಕು. ವರ್ನಿಯರ್ ಇಟ್ಟರೆ ತಲೆಯ ಅಗಲ 23.4 ಮಿಲಿಮೀಟರ್. ನನ್ನ ಸೆಟ್ಟಿನ 22ರ ತೆರೆದ ಬಾಯಿಯ ಸ್ಪ್ಯಾನರ್ ತಲೆಗೆ ಹೋಗಲಿಲ್ಲ, 24 ಲೊಡಬಡ ಅಂದಿತು. ಬಳೆಯ ಹಾಗೆ ಸುತ್ತಲೂ ಹಿಡಿಯುವ 24ರ ರಿಂಗ್ ಸ್ಪ್ಯಾನರ್ ಹಾಕೋಣವೆಂದರೆ ಅದು ತಲೆಯ ಮೇಲೆ ಇಳಿಯಲೇ ಇಲ್ಲ. ಅದೇ ಅಳತೆ, ಒಂದು ಸಡಿಲ, ಇನ್ನೊಂದು ಬಿಗಿ! ಮೂಲೆಯಿಂದ ಮೂಲೆಗೆ ಅಳೆದರೆ 33. ಯಾವುದನ್ನು ನಂಬಲಿ? ಕೊನೆಗೆ 30ರ ರಿಂಗ್ ಇಳಿಯಿತು. ಸರಿಯಾಗಿ ಕೂತಿದೆ ಅಂದುಕೊಂಡು ಮೈಭಾರ ಬಿಟ್ಟು ಎಳೆದೆ. ಅದು ಹಿಡಿದಿದ್ದದ್ದು ನಾಲ್ಕು ಮೂಲೆಗಳ ತುದಿಯನ್ನು ಮಾತ್ರ. ಕಿರ್ ಅಂತ ಜಾರಿ ಮೂಲೆಗಳನ್ನೆಲ್ಲ ಕೆರೆದು ದುಂಡಗೆ ಮಾಡಿತು.

ಸಾಕಮ್ಮಕ್ಕ ಹತ್ತಿರ ಬಂದು ಬೋಲ್ಟಿನ ಮೇಲೆ ಬೆರಳಾಡಿಸಿದರು.

"ನಮ್ಮ ಮಾವ ಸತ್ತು ಇಪ್ಪತ್ತು ವರ್ಸ ಆಯ್ತು. ಇಲ್ಲೀಗಂಟ ನೆಟ್ಟಗಿತ್ತು ಕಣಪ್ಪ ಇದು, ನೀನು ಬರೋಗಂಟ."

ಹಲ್ಲಿನಿಂದ ಕಚ್ಚಿ ಹಿಡಿಯುವ ಪೈಪ್ ರಿಂಚ್ ತರುತ್ತೇನೆ ಎಂದು ನಾನು ಅಂದದ್ದಕ್ಕೆ, ಅದನ್ನು ತಂದರೆ ಕೈ ಮುರಿಯುತ್ತೇನೆ ಅಂದರು. ಆಮೇಲೆ ಪೊರಕೆಯಿಂದ ಒಂದು ಕಡ್ಡಿ ಕಿತ್ತು, ಕೆಡದೆ ಉಳಿದ ಬೋಲ್ಟಿನ ತಲೆಯ ಅಗಲಕ್ಕೆ ಸರಿಯಾಗಿ ಮುರಿದು ನನ್ನ ಜೇಬಿಗೆ ಹಾಕಿದರು. ಬಳೆಗೂ ಚಪ್ಪಲಿಗೂ ಹಾಗೆ ಕಡ್ಡಿ ಅಳತೆ ಕೊಡುವುದು ನಮ್ಮ ಕಡೆ ಇದ್ದದ್ದೇ. ವರ್ನಿಯರ್ ಇಟ್ಟುಕೊಂಡವನಿಗೆ ಪೊರಕೆ ಕಡ್ಡಿಯೇ ಎಂದು ನನಗೆ ಅವಮಾನವಾಯಿತು. ಆದರೂ ತೆಗೆದು ಬಿಸಾಡುವ ಧೈರ್ಯವಾಗಲಿಲ್ಲ. ಬೋಲ್ಟುಗಳಿಗೆ ಎಣ್ಣೆ ಬಿಟ್ಟು, ಮುಂದಿನ ಬಸ್ಸಿಗೆ ಹೊಸೂರಿಗೆ ಬಂದೆ.

ಎರಡು ಹಾರ್ಡ್‌ವೇರ್ ಅಂಗಡಿಯಲ್ಲಿ 23.4 ಅಂದೆ. ಒಬ್ಬರು 24 ಕೊಟ್ಟರು, ಇನ್ನೊಬ್ಬರು ನಕ್ಕರು. ಮೂರನೆಯದು ಗುಜರಿ ಅಂಗಡಿ. ಯಜಮಾನರು ತಮಿಳಿನವರು, ಕನ್ನಡವನ್ನೂ ಬೆರೆಸಿ ಆಡುತ್ತಾರೆ. ಚೌಕ ತಲೆ ಅಂದ ಕೂಡಲೇ ರಾಶಿಯಿಂದ ಒಂದು ತುಕ್ಕು ಹಿಡಿದ ಸ್ಪ್ಯಾನರ್ ಎಳೆದು ಕೊಟ್ಟರು. ಅದರ ಮೇಲೆ 1/2 W ಎಂದು ಕೊರೆದಿತ್ತು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್, ನನಗೆ ಬೇಕಾದದ್ದು ಹತ್ತಿರ ಹತ್ತಿರ ಅದರ ಎರಡರಷ್ಟು. ಅಳೆದು ನೋಡದೆಯೇ ವಾಪಸ್ಸು ಕೊಟ್ಟೆ. ಅವರು ತಿರುಗಿ ಅದನ್ನೇ ಕೊಟ್ಟರು. ನಾನು ಲೆಕ್ಕ ಹೇಳಿದೆ. ಅವರು ಕೇಳಿಸಿಕೊಂಡು, ಅಳತೆ ಏನಾದರೂ ತಂದಿದ್ದೀಯಾ ಎಂದು ಕೇಳಿದರು. ನಾಚಿಕೆಯಿಂದಲೇ ಕಡ್ಡಿ ತೆಗೆದೆ. ಅದನ್ನು ಸ್ಪ್ಯಾನರಿನ ಬಾಯಿಗೆ ಅಡ್ಡ ಇಟ್ಟರು. ಕೂದಲಷ್ಟೂ ಸಂದಿಲ್ಲದೆ ಕೂತಿತು.

"ತಂಬಿ, ಇದು ಹಳೇ ಇಂಗ್ಲಿಷ್ ಅಳ್ತೆ. ಮೇಲೆ ಬರ್ದಿರೋದು ತಲೆ ಕೆಳಗಿರೋ ಬೋಲ್ಟು ದಂಡದ ದಪ್ಪ, ತಲೆ ಅಗ್ಲ ಅಲ್ಲ. ನಂಬರ್ ಓದ್ಬೇಡ. ಬಾಯಿ ನೋಡು."

ಸ್ಪ್ಯಾನರ್ ಮೇಲೆ ಅದು ಹಿಡಿಯುವ ಜಾಗವನ್ನು ಬಿಟ್ಟು ಬೇರೆಯದರ ಅಳತೆ ಯಾಕೆ ಬರೆದರೋ, ನನಗೆ ಇವತ್ತಿಗೂ ಪೂರ್ತಿ ತಲೆಗೆ ಹೋಗಿಲ್ಲ. ದಂಡದ ದಪ್ಪ ಗೊತ್ತಾಗಬೇಕಾದರೆ ಮೊದಲು ಬೋಲ್ಟು ಬಿಚ್ಚಬೇಕಲ್ಲ?

ಮಧ್ಯಾಹ್ನ ಹಿಂದಿರುಗಿದೆ. ಎಣ್ಣೆ ಇಳಿದಿತ್ತು. ಆ ಸ್ಪ್ಯಾನರ್‌ಗೆ ಮೂರು ಬೋಲ್ಟು ಗೊಣಗುತ್ತಾ ಬಂದವು. ನಾಲ್ಕನೆಯದು, ನಾನು ಕೆಡಿಸಿದ್ದು, ಜಾರುತ್ತಲೇ ಇತ್ತು. ಉಳಿ ಸುತ್ತಿಗೆ ಎತ್ತಿಕೊಂಡೆ. ಏಟು ಎರಕಕ್ಕೆ ತಗುಲಿದರೆ? ಕೆಳಗಿಟ್ಟೆ.

"ಅಕ್ಕಾ, ಇದು ನನ್ ಕೈಲಿ ಆಗಲ್ಲ ಅನ್ಸುತ್ತೆ."

"ಆಗಲ್ಲ ಅಂದ್ರೆ? ನಾಲ್ಕು ಮೂಲೆ ಬೋಲ್ಟು ಕಣ್ಲಾ ಅದು. ನಮ್ಮ ಮಾವ ಮೂಲೆ ಹೋದ್ರೆ ಅರ ಹಾಕಿ ಹೊಸ ಮೂಲೆ ಮಾಡ್ಕೊಳ್ಳೋರು. ನಿಂಗೆ ಅರ ಇಡಿಯಕ್ಕೆ ಬರಕಿಲ್ವಾ?"

ಯಾವ ವಿಡಿಯೋದಲ್ಲೂ ನಾನು ಇದನ್ನು ನೋಡಿರಲಿಲ್ಲ. ಆರು ಮೂಲೆಯದನ್ನು ಕೈಯಲ್ಲಿ ಅರ ಹಾಕಿ ಸರಿ ಮಾಡುವುದು ಕಷ್ಟ. ಚೌಕಕ್ಕೆ ಎದುರುಬದುರಿನ ಎರಡು ಮುಖ ನೆಟ್ಟಗಾದರೆ ಸಾಕು. ಎರಡು ಗಂಟೆ ಅರದಿಂದ ಉಜ್ಜಿದೆ. ಮಧ್ಯೆ ಮಧ್ಯೆ ನಿಲ್ಲಿಸಿ, ಸೆಟ್ಟಿನ 22ರ ಸ್ಪ್ಯಾನರ್ ಹಾಕಿ ನೋಡುತ್ತಿದ್ದೆ. ಅದು ಒಳಗೆ ಸರಿದು ಗಟ್ಟಿಯಾಗಿ ಕೂತಾಗ ಮೆಲ್ಲಗೆ ಎಳೆದೆ. ಟಕ್ ಎಂದಿತು. ಮುಚ್ಚಳ ಒಡೆಯಿತೋ ಎಂದು ಇಬ್ಬರೂ ಬಗ್ಗಿ ನೋಡಿದೆವು. ಬೋಲ್ಟು ತಿರುಗಿತ್ತು.

ಹೊಸ ಬೇರಿಂಗ್ ಹಾಕಿ ಬೋಲ್ಟು ಬಿಗಿದು ಮಿಲ್ಲು ಓಡಿಸಿದೆವು. ಕಿರುಚಲಿಲ್ಲ. ಅಕ್ಕ ತಮ್ಮದೇ ಎರಡು ಸೇರು ರಾಗಿ ಸುರಿದು, ಬಿದ್ದ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, ಪಕ್ಕದ ಮನೆಯವರನ್ನು ಕೂಗಿದರು.

ಹೊರಡುವಾಗ ಒಂದು ಯೋಚನೆ ಕಾಡಿತು. ಮುಂದೆ ಇದನ್ನು ಬಿಚ್ಚಲು ಬರುವವನು ಮೂರು ಬೋಲ್ಟಿಗೆ ಒಂದು ಅಳತೆ, ನಾಲ್ಕನೆಯದಕ್ಕೆ ಇನ್ನೊಂದು ಎಂದು ನನ್ನ ಹಾಗೆಯೇ ತಲೆ ಕೆರೆದುಕೊಳ್ಳುತ್ತಾನೆ. ಈ ಕೆಲಸದಲ್ಲಿ ತಪ್ಪು ಮಾಡದೆ ಕಲಿಯುವುದು ಆಗದು. ಮಾಡಿದ್ದನ್ನು ಮುಂದಿನವನಿಗೆ ಕಾಣುವ ಹಾಗೆ ಬಿಟ್ಟು ಹೋಗುವುದು ಆಗುತ್ತದೆ. ಬಿಳಿ ಪೇಂಟು ತಗೊಂಡು ಆ ಬೋಲ್ಟಿನ ಪಕ್ಕದಲ್ಲಿ ಕನ್ನಡದಲ್ಲೂ ತಮಿಳಿನಲ್ಲೂ ಬರೆದೆ: ಇದಕ್ಕೆ 22, ಕೆಡಿಸಿದ್ದು ನಾನು.

ಏನು ಬರೆದೆ ಎಂದು ಸಾಕಮ್ಮಕ್ಕ ಕೇಳಿದರು. ಓದಿ ಹೇಳಿದೆ.

"ನಾನು ಅಂದ್ರೆ ಯಾರು ಅಂತ ಅವ್ನಿಗೆ ಎಂಗ್ಲಾ ಗೊತ್ತಾಗ್ಬೇಕು?" ಅಂದರು. "ಎಸ್ರು ಬರಿ."

ಬರೆದೆ.